ಇನ್ಸ್‌ಬ್ರುಕ್‌ಗೊಂದು ಮಡಚುವ ಕುರ್ಚಿ

ಬೆಳಿಗ್ಗೆ ಎದ್ದು ಬಿಸಿನೀರಿನ ಬಾಯ್ಲರಿರುವ ಬೆಚ್ಚನೆಯ ಕಪಾಟಿನ ಬಾಗಿಲು ತೆಗೆದು ಮೊಸರು ಹೆಪ್ಪುಗಟ್ಟಿದೆಯೇ ಎಂದು ಇಣುಕಿದ್ದು, ಕಾಫಿಗೆ ಹಾಲಿಟ್ಟದ್ದು, ಸ್ಟ್ಯಾಂಡಿನ ಮೇಲೆ ಹರವಿದ್ದ ಬಟ್ಟೆ ಇನ್ನೂ ತಣ್ಣಗಿರುವುದನ್ನು ಕಂಡು ಒಂದೊಂದನ್ನೂ ಮಗ್ಗುಲು ಬದಲಿಸಿ ಹಾಕಿದ್ದು, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದ್ದು, ಚಪಾತಿ ಬೇಯಿಸಿ, ಶೇಂಗಾ ಚಟ್ನಿಪುಡಿ ಉದುರಿಸಿ, ಸುರುಳಿ ಸುತ್ತಿ ಡಬ್ಬಿಗೆ ಹಾಕಿದ್ದು, ಟ್ರಾಲಿ ಬ್ಯಾಗಿಗೆ ಸೋನಾ ಮಸೂರಿ ಅಕ್ಕಿ ತುಂಬಿ ಹ್ಯಾರೋ ಗುಡ್ಡಕ್ಕೆ ಎಳೆದುಕೊಂಡು ಹೋದದ್ದು, ಅಲ್ಲಿಂದ ಅಕ್ಸ್‌ಬ್ರಿಡ್ಜ್‌ಗೆ ಹೋಗಿ ಒಂದು ಮಡಚುವ ಕುರ್ಚಿ ಕೊಂಡದ್ದು, ಮನೆಗೆ ಬಂದು ಅದೇ ಅಕ್ಕಿಯನ್ನು ಮತ್ತೆ ಡಬ್ಬಕ್ಕೆ ಸುರಿದದ್ದು. ಇವತ್ತಿನ ಕೆಲಸ ಇಷ್ಟೇ. ಭಾನುವಾರವಲ್ಲವೇ, ಹೆಚ್ಚೇನೂ ಇರಲಿಲ್ಲ.

ಅಕ್ಕಿಗೆ ಯಾಕೆ ಗುಡ್ಡ ತೋರಿಸಿದಿರಿ ಎಂದು ನೀವು ಕೇಳಬಹುದು. ಲಂಡನ್ನಿನ ಅಂಚಿನ ಕೆಂಟನ್ನಿನಲ್ಲಿ ನಮ್ಮ ಬೀದಿಯ ಜನವೂ ಪರದೆ ಸರಿಸಿ ಅದನ್ನೇ ಕೇಳುವವರಂತೆ ನೋಡಿದರು. ಬರುವ ಜೂನಿನಲ್ಲಿ ನಾವು ಆಸ್ಟ್ರಿಯಾದ ಇನ್ಸ್‌ಬ್ರುಕ್ ನೋಡಲು ಹೋಗಬೇಕೆಂದಿದ್ದೇವೆ. ಆಲ್ಪ್ಸ್ ಪರ್ವತಗಳ ನಡುವೆ, ಇನ್ ಎಂಬ ಹೊಳೆಯ ದಂಡೆಯ ಮೇಲೆ, ರಾಜರು ಕಟ್ಟಿ ಬಾಳಿದ ಹಳೆಯ ಊರು ಅದು. ಹೋಗುವುದು ಖಾತ್ರಿ, ಹೋಗುವವರು ಮೂವರೋ ನಾಲ್ವರೋ ಎಂಬುದು ಮಾತ್ರ ಇವತ್ತು ಮಧ್ಯಾಹ್ನದವರೆಗೂ ತೀರ್ಮಾನವಾಗಿರಲಿಲ್ಲ. ನಾನು, ನನ್ನ ಗಂಡ, ಮಗಳು ನಿಧಿ, ಇಷ್ಟು ಜನರ ಬಗ್ಗೆ ಯಾರಿಗೂ ಸಂಶಯವಿಲ್ಲ. ನಾಲ್ಕನೆಯವರು ಹಾವೇರಿಯಿಂದ ಬೇಸಿಗೆಗೆಂದು ನಮ್ಮಲ್ಲಿಗೆ ಬಂದಿರುವ ನನ್ನ ಅತ್ತೆ. ಅವರು ಬರಬಹುದೋ, ಇಲ್ಲ ಆ ಒಂದು ವಾರ ಸೌತ್‌ಹಾಲಿನಲ್ಲಿ ನನ್ನ ಗಂಡನ ಚಿಕ್ಕಪ್ಪನ ಮಗಳ ಮನೆಯಲ್ಲಿ ಉಳಿಯಬೇಕೋ ಎಂದು ನಿರ್ಧರಿಸುವ ಪರೀಕ್ಷೆ ಇವತ್ತಿನ ಗುಡ್ಡ. ಅಕ್ಕಿ ಪಾಪ, ಜೊತೆಗೆ ಹೋದದ್ದು.

ಇವರು ಅಕ್ಸ್‌ಬ್ರಿಡ್ಜ್‌ನ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಕೆಲಸದವರು. ಏನನ್ನೂ ತಾಲೀಮು ಮಾಡದೆ ಮಾಡುವವರಲ್ಲ. ಅದಕ್ಕೆ ‘ಡ್ರೈ ರನ್’ ಎನ್ನುತ್ತಾರೆ. ನಿಧಿ ಶಾಲೆಗೆ ಸೇರುವ ಮುಂಚೆ, ಶಾಲೆಗೆ ರಜೆಯಿದ್ದಾಗಲೇ ಅವಳ ಹೆಗಲಿಗೆ ಖಾಲಿ ಚೀಲ ಏರಿಸಿ ಮುಚ್ಚಿದ ಗೇಟಿನವರೆಗೆ ನಡೆಸಿಕೊಂಡು ಹೋಗಿ ಬಂದವರು. ಅವಳು ಗೇಟು ಮುಟ್ಟಿ, ಶಾಲೆ ಮುಗಿಯಿತೆಂದು ಖುಷಿಯಾಗಿ ಮನೆಗೆ ಬಂದಿದ್ದಳು. ನಾನು ಹೆರಿಗೆಗೆ ಹೋಗುವ ಮೊದಲು ಹಾಸಿಗೆಯ ಮೇಲಿಂದ ಕಾರಿನವರೆಗೆ ನನ್ನನ್ನು ಎರಡು ಸಲ ನಡೆಸಿದ್ದರು. ಆಮೇಲೆ ನಿಜವಾದ ದಿನ ಕಾರಿನ ಕೀಲಿಯೇ ಸಿಗಲಿಲ್ಲ, ಆ ಮಾತು ಬೇರೆ. ಹಾಗಾಗಿ ಇನ್ಸ್‌ಬ್ರುಕ್‌ಗೂ ಒಂದು ಡ್ರೈ ರನ್ ಇರುತ್ತದೆಂದು ಇವರು ಹೇಳಿದಾಗ ನಾನು ಆಶ್ಚರ್ಯಪಡಲಿಲ್ಲ. ಪರ್ವತ ಎಲ್ಲಿಂದ ತರುತ್ತೀರಿ ಎಂದಷ್ಟೇ ಕೇಳಿದೆ.

"ಹ್ಯಾರೋ ಗುಡ್ಡ ಇದೆಯಲ್ಲಾ. ಅದೂ ಹಳೇ ಊರೇ. ಕಲ್ಲಿನ ರಸ್ತೆ, ಮೇಲೊಂದು ಚರ್ಚು. ಲಗೇಜು ಸಮೇತ ಹತ್ತೋಣ. ಅವ್ವ ಹತ್ತಿದ್ರೆ ನಾಲ್ಕು ಟಿಕೆಟ್, ಇಲ್ಲಾಂದ್ರೆ ಮೂರು."

ಲಗೇಜಿನಲ್ಲಿ ಏನು ಹಾಕುವುದು? ಬೇಸಿಗೆಯ ಬಟ್ಟೆ ಇನ್ನೂ ಅಟ್ಟದಲ್ಲಿತ್ತು. ತೂಕಕ್ಕೆ ಅಕ್ಕಿ ಬಂತು.

ಇನ್ಸ್‌ಬ್ರುಕ್ಕೇ ಯಾಕೆ ಎಂಬುದನ್ನು ಹೇಳದಿದ್ದರೆ ನಿಮಗೆ ಇದೆಲ್ಲ ಹುಚ್ಚಾಟವೆನ್ನಿಸುತ್ತದೆ. ನಮ್ಮ ಪ್ಯಾಸೇಜಿನಲ್ಲಿ, ಕರೆಂಟು ಮೀಟರಿನ ಮೇಲ್ಗಡೆ, ಅತ್ತೆ-ಮಾವನ ಮದುವೆಯ ಫೋಟೊ ಇದೆ. ಹಾವೇರಿಯ ಸ್ಟುಡಿಯೊ ಒಂದರಲ್ಲಿ ತೆಗೆಸಿದ್ದು. ಮಾವ ಕೋಟು ಹಾಕಿಕೊಂಡು ಕುರ್ಚಿಯ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಅತ್ತೆ, ಕುರ್ಚಿಯ ಬೆನ್ನಿನ ಮೇಲೆ ಒಂದು ಕೈಯಿಟ್ಟು ನಿಂತಿದ್ದಾರೆ. ಇಬ್ಬರ ಹಿಂದೆ ಸ್ಟುಡಿಯೊದ ಬಣ್ಣದ ಪರದೆ: ಹಿಮ ಹೊದ್ದ ಬೆಟ್ಟ, ಅದರ ಬುಡದಲ್ಲಿ ಹೊಳೆ, ಹೊಳೆಯ ಉದ್ದಕ್ಕೂ ಒಂದಕ್ಕೊಂದು ಅಂಟಿಕೊಂಡು ನಿಂತ ಎತ್ತರೆತ್ತರದ ಮನೆಗಳ ಸಾಲು. ನಾಟಕ ಕಂಪನಿಗೆ ಪರದೆ ಬರೆಯುತ್ತಿದ್ದವನೊಬ್ಬ ಯಾವುದೋ ಕ್ಯಾಲೆಂಡರ್ ನೋಡಿ ಬರೆದದ್ದಂತೆ. ಕ್ಯಾಲೆಂಡರಿನಲ್ಲಿ ಇದ್ದಷ್ಟು ಬರೆದು, ಪರದೆಯಲ್ಲಿ ಇನ್ನೂ ಜಾಗ ಉಳಿಯಿತೆಂದು ಎಡಗಡೆಗೆ ಒಂದು ತೆಂಗಿನ ಮರವನ್ನೂ ನೆಟ್ಟಿದ್ದಾನೆ.

ಫೋಟೊ ಕಪ್ಪು-ಬಿಳುಪು. ಆ ಮನೆಗಳು ಗುಲಾಬಿ, ಹಳದಿ, ತಿಳಿಹಸಿರು ಎಂದು ಅತ್ತೆ ಹೇಳುತ್ತಿದ್ದರು, ನಾವು ನಂಬುತ್ತಿರಲಿಲ್ಲ. ಹೋದ ವರ್ಷ ನಿಧಿ ಆ ಫೋಟೊವನ್ನು ತನ್ನ ಫೋನಿಗೆ ತೋರಿಸಿದಳು. ಫೋನು ಸ್ವಲ್ಪ ಯೋಚಿಸಿ ಇನ್ಸ್‌ಬ್ರುಕ್ ಎಂದಿತು. ಗುಲಾಬಿ, ಹಳದಿ, ತಿಳಿಹಸಿರು ಮನೆಗಳ ಸಾಲು, ಹಿಂದೆ ಅದೇ ಬೆಟ್ಟ.

"ದಿಸ್ ಈಸ್ ಇಟ್, ಅಜ್ಜಿ. ಲೈಕ್, ನೈಂಟಿ ಪರ್ಸೆಂಟ್ ಶೂರ್," ಎಂದಳು ನಿಧಿ. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಂದ ಹೊರಡುವುದು ಮಾತ್ರ ಇಂಗ್ಲಿಷು. ಅತ್ತೆಗೆ ಇದರ ತಿರುವುಮುರುವು. ಅಜ್ಜಿ-ಮೊಮ್ಮಗಳು ತಮ್ಮ ತಮ್ಮ ಭಾಷೆಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಾರೆ. ಇವತ್ತಿನವರೆಗೆ ಜಗಳ ಬಂದಿಲ್ಲ.

"ತೆಂಗಿನ ಗಿಡ ಎಲ್ಲೈತಿ?" ಎಂದರು ಅತ್ತೆ.

"ದಟ್ಸ್ ದ ಅದರ್ ಟೆನ್ ಪರ್ಸೆಂಟ್."

ಅತ್ತೆ ಬಹಳ ಹೊತ್ತು ಫೋನನ್ನು ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಊರಿಗೆ ಹೋದರು. ಈ ಸಲ ಬರುವಾಗ, ನಾವ್ಯಾರೂ ಹೇಳದಿದ್ದರೂ, ನನ್ನ ಮೈದುನನ ಬೆನ್ನು ಹತ್ತಿ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು, ಲಂಡನ್ನಿನ ವೀಸಾದ ಜೊತೆಗೆ ಯುರೋಪಿನದ್ದನ್ನೂ ಹಾಕಿಸಿಕೊಂಡು ಬಂದಿದ್ದರು. ಏರ್‌ಪೋರ್ಟಿನಿಂದ ಬರುವಾಗ ಕಾರಿನಲ್ಲೇ ಪಾಸ್‌ಪೋರ್ಟ್ ತೆಗೆದು ಮಗನಿಗೆ ತೋರಿಸಿ, "ಇದರ ಶಿಕ್ಕಾನೂ ಬಡಿಸಿಕೊಂಡ ಬಂದೇನಿ ನೋಡು. ಯಾವಾಗ ಹೊಂಡೂದು?" ಎಂದರು. ಇವರು ಮೋಟರ್‌ವೇಯ ಮೇಲೆ ಲೇನ್ ತಪ್ಪಿದರು.

ಸ್ಟುಡಿಯೊ ಎಂದರೆ ನನಗೆ ನಮ್ಮ ಅರಸೀಕೆರೆಯ ಸ್ಟುಡಿಯೊ ನೆನಪಾಗುತ್ತದೆ. ಅಲ್ಲಿದ್ದದ್ದು ಕಾಶ್ಮೀರ. ಒಳಗೆ ಕಾಲಿಟ್ಟರೆ ಪೌಡರಿನ ವಾಸನೆ. ಕನ್ನಡಿಯ ಪಕ್ಕ ಮೊಳೆಗೆ ದಾರ ಕಟ್ಟಿ ಇಳಿಬಿಟ್ಟ ಬಾಚಣಿಗೆ; ಯಾರೂ ಕದ್ದೊಯ್ಯಬಾರದೆಂದು ಹಾಗೆ. ದಾರ ಗಿಡ್ಡವಾಗಿದ್ದದ್ದರಿಂದ ಬೈತಲೆ ತೆಗೆಯಬೇಕಾದರೆ ಗೋಡೆಗೆ ಕೆನ್ನೆಯಾನಿಸಿ ನಿಲ್ಲಬೇಕಾಗಿತ್ತು. ಊರಿಗೆಲ್ಲ ಒಂದೇ ಕೋಟು. ಅದನ್ನು ನಮ್ಮಪ್ಪ ಹಾಕಿಕೊಂಡರೆ ತೋಳು ಮೊಣಕೈಗೆ ಬರುತ್ತಿತ್ತು, ಚಿಕ್ಕಪ್ಪ ಹಾಕಿಕೊಂಡರೆ ಬೆರಳು ಮುಚ್ಚುತ್ತಿತ್ತು. ಕಣ್ಣು ಮಿಟುಕಿಸಬಾರದೆಂದು ಅಮ್ಮ ಎಷ್ಟು ಹೇಳಿದರೂ ನಾನು ಎಲ್ಲ ಫೋಟೊದಲ್ಲೂ ಕಣ್ಣು ಮುಚ್ಚಿಯೇ ಇದ್ದೇನೆ. ಕಾಶ್ಮೀರಕ್ಕೆ ಅಷ್ಟು ಸಲ ಹೋಗಿಯೂ ನಾನದನ್ನು ಕಣ್ಣು ಬಿಟ್ಟು ನೋಡಿದವಳಲ್ಲ.

ನಿಜವಾದ ಪ್ರವಾಸಗಳಲ್ಲೂ ನಮ್ಮ ಮನೆಯವರ ಕಣ್ಣು ಬೇರೆ ಕಡೆಗೇ. ಅಪ್ಪ ಒಮ್ಮೆ ನಮ್ಮನ್ನೆಲ್ಲ ಹಳೇಬೀಡಿಗೆ ಕರೆದುಕೊಂಡು ಹೋದರು. ಹಿಂದಿನ ದಿನದಿಂದಲೇ ಮನೆಯಲ್ಲಿ ಪುಳಿಯೋಗರೆ ಗೊಜ್ಜಿನ ಘಮ. ಬಸ್ಸಿಳಿದ ಕೂಡಲೇ ಅಮ್ಮ ಕೇಳಿದ ಮೊದಲ ಪ್ರಶ್ನೆ ನೆರಳೆಲ್ಲಿದೆ ಎಂದು, ಎರಡನೆಯದು ನಲ್ಲಿ ಎಲ್ಲಿದೆ ಎಂದು. ವಾಪಸು ಬಂದಮೇಲೆ ಪಕ್ಕದ ಮನೆಯವರು, "ಹಳೇಬೀಡು ಹೇಗಿತ್ರೀ?" ಎಂದರೆ ಅಮ್ಮ, "ತುಂಬ ಚೆನ್ನಾಗಿದೆ ಕಣ್ರೀ, ಒಳ್ಳೇ ಮರ ಇದೆ, ಎಷ್ಟು ಜನ ಬೇಕಾದರೂ ಕೂತು ಊಟ ಮಾಡಬಹುದು," ಎಂದಿದ್ದರು. ನಾನು ನಗುತ್ತಿದ್ದೆ. ಈಗ ನೋಡಿ, ಇನ್ಸ್‌ಬ್ರುಕ್‌ಗೆ ಹೋಗಿ ಬಂದಿರುವ ನಮ್ಮ ಬೀದಿಯ ಲವೀನಾಳನ್ನು ಕಂಡಾಗ ನಾನು ಕೇಳಿದ್ದು ಅರಮನೆಯ ವಿಚಾರವನ್ನಲ್ಲ. ಡಬ್ಬಿ ಎಲ್ಲಿ ಬಿಚ್ಚಬಹುದು ಎಂದು.

ಲವೀನಾ ಉಡುಪಿಯ ಕಡೆಯವಳು. ಮನೆಮಾತು ಕೊಂಕಣಿ, ನನ್ನೊಡನೆ ಆಡುವುದು ಅವಳ ಊರಿನ ಕನ್ನಡ.

"ಅನ್ನ ಹುಡುಕ್ಲಿಕ್ಕೆ ಹೋಗ್ಬೇಡಿ ಸುಮಾ," ಎಂದಳು. "ಎಲ್ಲ ಕಡೆ ಬಟಾಟೆ. ಬಟಾಟೆಯ ಮೇಲೆ ಚೀಸ್, ಚೀಸಿನ ಮೇಲೆ ಪುನಃ ಬಟಾಟೆ. ಹೊಳೆ ಬದಿಯಲ್ಲಿ ಕೂತ್ಕೊಳ್ಲಿಕ್ಕೆ ಜಾಗ ಉಂಟು, ಅಲ್ಲಿ ಬಿಚ್ಚಿ ನಿಮ್ಮ ಡಬ್ಬಿ. ಅಜ್ಜಿಯನ್ನು ಬಿಟ್ಟು ಹೋಗ್ಬೇಡಿ ಮತ್ತೆ. ನನ್ನ ಮಮ್ಮಿ ಬಂದಾಗ ನಾವು ಅವರನ್ನು ಇಗರ್ಜಿಯಲ್ಲಿ, ಅದೇ ಚರ್ಚಿನಲ್ಲಿ, ಕೂರಿಸಿ ಬೆಟ್ಟಕ್ಕೆ ಹೋದದ್ದು. ಬರುವಾಗ ಅವರಿಗೆ ಅಲ್ಲಿ ಮೂರು ಜನ ಫ್ರೆಂಡ್ಸ್ ಮಾರಾಯ್ರೆ!"

ನಾನು ಬಂದು ಇದನ್ನು ಹೇಳಿದಾಗ ಇವರು ಆಗುವುದಿಲ್ಲವೆಂದು ತಲೆಯಾಡಿಸಿದರು. ಇವರ ಪ್ಲಾನಿನಲ್ಲಿ ಕೂರುವುದಕ್ಕೆ ಜಾಗವೇ ಇರಲಿಲ್ಲ. ಬೆಳಿಗ್ಗೆ ಚಿನ್ನದ ಹೆಂಚಿನ ಉಪ್ಪರಿಗೆ, ಆಮೇಲೆ ಊರಿನ ಗೋಪುರ, ಆಮೇಲೆ ಆಳೆತ್ತರದ ಕಂಚಿನ ರಾಜರಾಣಿಯರು ಸಾಲಾಗಿ ನಿಂತಿರುವ ಚರ್ಚು, ಮಧ್ಯಾಹ್ನ ಕೇಬಲ್ ಕಾರಿನಲ್ಲಿ ಹಿಮದ ನೆತ್ತಿಗೆ, ಅಲ್ಲಿಂದ ಇನ್ನೂ ಸ್ವಲ್ಪ ನಡೆದು ಇನ್ನೊಂದು ನೆತ್ತಿಗೆ. ದಿನಾ ಊಟದ ಹೊತ್ತಿಗೆ ಒಂದೊಂದು ಐಟಂ ಓದಿ ಹೇಳುತ್ತಿದ್ದರು.

"ರಾಜ ಆ ಉಪ್ಪರಿಗಿ ಮ್ಯಾಲ ಕುಂತು ಕೆಳಗಿನ ಆಟ ನೋಡತಿದ್ದನಂತವಾ. ಛಾವಣಿಗೆಲ್ಲ ಬಂಗಾರ."

"ಬಂಗಾರ ಮ್ಯಾಲ ಇಟ್ಟು ಅಂವ ಕೆಳಗ ಕುಂತನೇನು? ಮತ್ತ ಅಂವಗ ಹ್ಯಾಂಗ ಕಾಣತಿತ್ತದು?"

"ಇಟ್ಸ್ ಗಿಲ್ಡೆಡ್ ಕಾಪರ್, ಅಜ್ಜಿ."

"ಹಂಗನ್ನು ಮತ್ತ, ತಾಮ್ರ," ಎಂದು ಅತ್ತೆ ಸಮಾಧಾನಪಟ್ಟರು.

ಊಟದ ಮಾತು ಬಂದಾಗ ಇನ್ನೊಂದು ತೊಡಕು ಎದ್ದಿತು. ಇಲ್ಲಿಂದ ಯುರೋಪಿಗೆ ಹಾಲು, ಮೊಸರು, ತುಪ್ಪ ಒಯ್ಯುವಂತಿಲ್ಲ, ಈಗಿನ ನಿಯಮ. ಅತ್ತೆಗೆ ರಾತ್ರಿ ಮನೆಮೊಸರಿನ ಅನ್ನವಿಲ್ಲದಿದ್ದರೆ ಊಟ ಮುಗಿದಂತೆ ಅನ್ನಿಸುವುದಿಲ್ಲ. ಅಂಗಡಿಯ ಮೊಸರನ್ನು ಅವರು ‘ಬೆಳ್ಳನ ಔಷಧಿ’ ಎನ್ನುತ್ತಾರೆ. ಹೆಪ್ಪಿಗೆ ಒಂದು ಚಮಚೆಯನ್ನೂ ಒಯ್ಯುವಂತಿಲ್ಲವೇ ಎಂದು ನಾನು ಕೇಳಿದೆ. ಇಲ್ಲ. ಆಗ ಅತ್ತೆ ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿ ತೆಗೆದು ತೊಟ್ಟು ಮುರಿಯತೊಡಗಿದರು. ಬೆಚ್ಚಗಿನ ಹಾಲಿಗೆ ಒಣಮೆಣಸಿನಕಾಯಿಯ ತೊಟ್ಟು ಹಾಕಿಟ್ಟರೆ ಹೆಪ್ಪಾಗುತ್ತದೆಂಬುದು ನಮ್ಮಲ್ಲಿ ಗೊತ್ತಿರುವ ವಿಷಯವೇ. ಆದರೆ ಲಂಡನ್ನಿನ ಅಡುಗೆಮನೆಯಲ್ಲಿ ಅದು ಮೂರು ದಿನ ಹಾಲಾಗಿಯೇ ಉಳಿದು, ಆಮೇಲೆ ಹೇಳಬಾರದ ಇನ್ನೇನೋ ಆಯಿತು. ಅತ್ತೆ ಛಲ ಬಿಡಲಿಲ್ಲ. ಟವೆಲುಗಳನ್ನು ಸರಿಸಿ ಬಾಯ್ಲರ್ ಕಪಾಟಿನಲ್ಲಿಟ್ಟರು. ಮೊದಲನೆಯದು ಲೊಳಲೊಳ. ಅದರಿಂದಲೇ ಹೆಪ್ಪು ಹಾಕಿದ ಎರಡನೆಯದು ಇವತ್ತು ಬೆಳಿಗ್ಗೆ ನಾನು ಇಣುಕುವಾಗ ಗಟ್ಟಿಯಾಗಿ, ಸುಮ್ಮನೆ ಕೂತಿತ್ತು. ಟವೆಲಿಗೆ ಮಾತ್ರ ಸಣ್ಣ ಘಾಟು.

ಮೊಸರಿನ ಪರೀಕ್ಷೆ ಪಾಸಾಯಿತು, ಉಳಿದದ್ದು ಮಂಡಿಯದು. ಇವರ ಹೆದರಿಕೆಗೂ ಕಾರಣವಿತ್ತು. ಹೋದ ವರ್ಷ ವಿಂಡ್ಸರ್ ಕೋಟೆಯ ಏರಿನಲ್ಲಿ ಅತ್ತೆ ಕೂತುಬಿಟ್ಟಿದ್ದರು. ಏಳಲಾಗಲಿಲ್ಲ. ಮುಖ ಬಿಳುಚಿಕೊಂಡಿತ್ತು. ಕೊನೆಗೆ ಅಲ್ಲಿಯವರು ಗಾಲಿಕುರ್ಚಿ ತಂದು ಇಳಿಸಿದರು. ಜಿಪಿ ಡಾಕ್ಟರು ನೋಡಿ, ಮಂಡಿ ಸವೆದಿದೆ, ವಯಸ್ಸು ಎಂದರು. ಇವರು ಅವತ್ತು ರಾತ್ರಿ ಊಟ ಮಾಡಲಿಲ್ಲ. ಮೊನ್ನೆ ಕೂಡ ನನ್ನೆದುರಿಗೆ, "ಗೊತ್ತಿಲ್ಲದ ಊರಲ್ಲಿ ಹಾಗಾದ್ರೆ ನಾನೇನು ಮಾಡ್ಲಿ ಸುಮಾ?" ಎಂದರು. ಆ ದನಿಯಲ್ಲಿ ಡ್ರೈ ರನ್ ಇರಲಿಲ್ಲ.

ನಾರ್ತ್‌ವಿಕ್ ಪಾರ್ಕಿನಿಂದ ಹ್ಯಾರೋ ಗುಡ್ಡಕ್ಕೆ ಟ್ಯೂಬ್ ರೈಲಿನಲ್ಲಿ ಒಂದೇ ನಿಲ್ದಾಣ. ಮುಂದೆ ಇವರು, ಅಕ್ಕಿಯ ಟ್ರಾಲಿ ಎಳೆದುಕೊಂಡು. ಹಿಂದೆ ನಾನು, ಬುತ್ತಿಯ ಚೀಲ. ನಡುವೆ ಅತ್ತೆ: ಇಳಕಲ್ ಸೀರೆ, ಸ್ವೆಟರು, ಕಿವಿ ಮುಚ್ಚಿ ಶಾಲು, ಕಾಲಿಗೆ ಸೌತ್‌ಹಾಲಿನಲ್ಲಿ ಕೊಂಡ ಹೊಸ ಬಿಳಿ ಬೂಟು. ಅವರ ಕೈ ಹಿಡಿದು ನಿಧಿ, ಯಾರಾದರೂ ಸ್ನೇಹಿತರು ಕಂಡುಬಿಟ್ಟಾರೆಂದು ಆಚೀಚೆ ನೋಡುತ್ತ. ಸ್ಟೇಷನ್ನಿನಿಂದ ಹೊರಬಿದ್ದು ಏರು ಶುರುವಾಯಿತು. ಟ್ರಾಲಿಯ ಗಾಲಿ ಕಲ್ಲಿನ ಮೇಲೆ ಗಡಗಡ ಸದ್ದು ಮಾಡುತ್ತಿತ್ತು. ಎದುರಿಗೆ ನಾಯಿ ಹಿಡಿದು ಇಳಿದು ಬರುತ್ತಿದ್ದ ಮುದುಕರೊಬ್ಬರು ದಾರಿ ಬಿಟ್ಟು ನಿಂತು, ಎಲ್ಲಿಗಾದರೂ ಒಳ್ಳೆಯ ಕಡೆಗೆ ಹೊರಟಿರಾ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದರು.

"ಇನ್ಸ್‌ಬ್ರುಕ್," ಎಂದರು ಇವರು, ಏದುಸಿರಿನಲ್ಲಿ.

ಮುದುಕರು ಗುಡ್ಡದ ತುದಿಯನ್ನೊಮ್ಮೆ ನೋಡಿದರು, ನಮ್ಮನ್ನೊಮ್ಮೆ ನೋಡಿದರು. "ಯು ಮೈಟ್ ವಾಂಟ್ ದ ಟ್ರೇನ್," ಎಂದು ಮೆಲ್ಲಗೆ ಹೇಳಿ, ನಾಯಿಯನ್ನು ಕರೆದುಕೊಂಡು ಹೋದರು.

ಅರ್ಧ ಏರಿನಲ್ಲಿ, ಗೋಡೆಯ ಪಕ್ಕ ಒಂದು ಬೆಂಚು. ಅತ್ತೆ ಅದನ್ನು ಕಂಡರು, ಹೋಗಿ ಕೂತರು, ಬೂಟಿನ ಪಟ್ಟಿ ಸಡಿಲಿಸಿದರು.

"ಅವ್ವಾ, ಇನ್ನೊಂದ್ ಸ್ವಲ್ಪ. ಅಗಾ, ಚರ್ಚಿನ ಮೊನಿ ಕಾಣತೈತಿ ನೋಡು."

"ಸಾಕೋ ಯಪ್ಪಾ."

"ನೀರು ಕುಡಿ, ಆಮ್ಯಾಲ ಹೋಗೂಣು."

"ನಾ ಒಲ್ಲೆ. ನಾ ಇಲ್ಲಿಂದ ಏಳಂಗಿಲ್ಲ."

ಇವರು ಟ್ರಾಲಿ ನೆಟ್ಟಗೆ ನಿಲ್ಲಿಸಿ, ಫೋನನ್ನು ಜೇಬಿಗೆ ಹಾಕಿಕೊಂಡರು. ನಾಲ್ಕು ಮೂರಾಯಿತೆಂದು ಎಲ್ಲರಿಗೂ ಗೊತ್ತಾಗಿತ್ತು. ನಾನು ಸುಮ್ಮನಿರಲಾರದೆ ಡಬ್ಬಿಯ ಮುಚ್ಚಳ ತೆಗೆದು ಎಲ್ಲರ ಕೈಗೂ ಒಂದೊಂದು ಚಪಾತಿ ಸುರುಳಿ ಕೊಟ್ಟೆ. ಕಷ್ಟ ಬಂದಾಗ ನನಗೆ ಗೊತ್ತಿರುವ ಉಪಾಯ ಅದೊಂದೇ. ಇವರು ಚಪಾತಿಯನ್ನು ಕೈಯಲ್ಲೇ ಹಿಡಿದುಕೊಂಡು ದೂರಕ್ಕೆ ನೋಡುತ್ತ, "ಸೌತ್‌ಹಾಲಿನ್ಯಾಗ ನಿನಗ ಬ್ಯಾಸರ ಆಗೂದಿಲ್ಲವಾ. ದಿನಾ ವೀಡಿಯೊ ಕಾಲ್ ಮಾಡಿ ಎಲ್ಲಾ ತೋರಸ್ತೀನಿ," ಎಂದರು.

ಅತ್ತೆ ಚಪಾತಿ ಅಗಿಯುವುದನ್ನು ನಿಲ್ಲಿಸಿದರು. "ಯಾಕ? ಸೌತ್‌ಹಾಲಿಗೆ ನಾ ಯಾಕ ಹೋಗ್ಲಿ?"

"ಹತ್ತಾಕ ಆಗಲಿಲ್ಲಲ್ಲವಾ."

"ಹತ್ತತೀನಿ ಅಂತ ನಾ ಯಾವಾಗ ಅಂದಿದ್ನೋ? ನೀನ ಎಳಕೊಂಡು ಹೊಂಟಿ, ಚೀಲಾ ತುಂಬ ಅಕ್ಕಿ ಹಾಕ್ಕೊಂಡು. ಮಗಾ ಉತ್ಸಾಹದಾಗ ಅದಾನ, ಬರೂಣು ಅಂತ ಬಂದೆ." ಅತ್ತೆ ಬೆರಳು ಒರೆಸಿಕೊಂಡರು. "ಆ ಫೋಟೊದಾಗ ನಾ ಗುಡ್ಡದ ಮ್ಯಾಲ ಅದೀನೇನು? ಗುಡ್ಡ ನನ್ನ ಹಿಂದ ಐತಿ."

ನಾವು ಮೂವರೂ ಅವರನ್ನೇ ನೋಡಿದೆವು.

"ಗುಡ್ಡದ ನೆತ್ತಿ ಮ್ಯಾಲ ಹೋದ್ರ ಗುಡ್ಡ ಎಲ್ಲಿ ಕಾಣತೈತಿ? ನಾ ಹೊಳೀ ದಂಡಿಗೆ ಬರ್ತೀನಿ. ಆ ಬಣ್ಣದ ಮನಿ ಮುಂದ ಕುಂದರ್ತೀನಿ. ಹೊಳಿಗೇನು ಏರು ಇರತೈತೇನು? ನೀವು ಬೇಕಾದಷ್ಟು ಹತ್ತರಿ, ಇಳೀರಿ. ನಾ ಕುಂತಿರ್ತೀನಿ."

"ಆದ್ರೆ ಫೋಟೊದಲ್ಲಿ ನೀವು ನಿಂತಿದ್ದೀರಲ್ಲಾ ಅತ್ತೆ," ಎಂದೆ ನಾನು. ಇಂಥ ಹೊತ್ತಿನಲ್ಲಿ ಇಂಥದ್ದೇ ಮಾತು ನನ್ನ ಬಾಯಿಗೆ ಬರುವುದು.

"ಅದಕ್ಕಽ," ಎಂದರು ಅತ್ತೆ. "ಆವಾಗ ಕುರ್ಚಿ ಒಂದ ಇತ್ತು."

ಆಮೇಲೆ ಹೇಳಿದರು. ಗಂಡ ಕೂರಬೇಕು, ಹೆಂಡತಿ ನಿಲ್ಲಬೇಕು ಎಂದು ಫೋಟೊದವನೇ ನಿಲ್ಲಿಸಿದ್ದಂತೆ. ಇನ್ನೇನು ತೆಗೆಯಬೇಕು, ಕರೆಂಟು ಹೋಯಿತು. ಯಾರೂ ಅಲುಗಾಡಬ್ಯಾಡ್ರಿ, ಈಗ ಬರತೈತಿ ಎಂದು ಹೇಳಿ ಅವನು ಹೊರಗೆ ಹೋದವನು ಚಹಾ ಕುಡಿದುಕೊಂಡು ಬಂದನಂತೆ. ಹೊಸ ಕಾಲುಂಗುರ ಕಚ್ಚುತ್ತಿತ್ತು. ಅರೆಗತ್ತಲಲ್ಲಿ ಇಬ್ಬರೇ. ಅಲ್ಲಿಯವರೆಗೆ ಒಬ್ಬರಿಗೊಬ್ಬರು ಒಂದು ಮಾತೂ ಆಡಿದವರಲ್ಲ.

"ಏನರ ಮಾತಾಡಬೇಕಲ್ಲ? ಹಿಂದಿನ ಪರದೆ ನೋಡಿ, ಇದು ಯಾವೂರ್ರೀ ಅಂತ ಕೇಳಿದೆ. ಅವರು ತಿರುಗಿ ನೋಡಿದ್ರು. ನನಗೇನ್ ಗೊತ್ತು, ಚಂದ ಐತಿ, ಹೋಗೂಣಂತ ಬಿಡು, ಅಂದ್ರು. ಅದ ನಮ್ಮ ಮೊದಲನೇ ಮಾತು."

"ದಟ್ಸ್ ಸೋ ಕ್ಯೂಟ್," ಎಂದಳು ನಿಧಿ. "ಅಂಡ್ ದೆನ್ ಹಿ ನೆವರ್ ಟುಕ್ ಯು?"

"ಕರಕೊಂಡ ಹೋದ್ರಲ್ಲ, ಬ್ಯಾಡಗಿಗೆ." ಮಾವ ಅಲ್ಲಿಯ ಮೆಣಸಿನಕಾಯಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. "ಘಾಟಿಗೆ ಒಂದ್ ತಿಂಗಳ ಬರೇ ಸೀನೂದ ಆತು. ಅವರು ಅಂತಿದ್ರು, ಇದ ನಮ್ಮ ಬರ್ಫದ ಊರು, ನೆಗಡಿ ಅಷ್ಟ ಜಾಸ್ತಿ."

ಇವರು ನಗಲಿಲ್ಲ. ಬೂಟಿನ ತುದಿಯಿಂದ ಟ್ರಾಲಿಯ ಗಾಲಿಯನ್ನು ಹಿಂದೆ ಮುಂದೆ ಉರುಳಿಸುತ್ತಿದ್ದರು. "ಬರೇ ಕುಂದರಾಕ ಅಷ್ಟ ದೂರ ಹೋಗೂದಾ ಅವ್ವಾ?" ಎಂದರು.

"ನೀ ಹಾವೇರಿಯಿಂದ ಇಷ್ಟ ದೂರ ಬಂದು ದಿನಾ ಏನ್ ಮಾಡ್ತೀಯೋ ಮತ್ತ? ಅಕ್ಸ್‌ಬ್ರಿಡ್ಜ್‌ನ್ಯಾಗ ಮುಂಜಾನಿಂದ ಸಂಜೀತನಾ ಕುರ್ಚಿ ಮ್ಯಾಲ ಕುಂದರ್ತೀ."

ನಿಧಿಗೆ ನಗು ತಡೆಯಲಾಗಲಿಲ್ಲ. ಅವಳ ಬಾಯಿಂದ ಚಟ್ನಿಪುಡಿ ಹಾರಿತು. ನಾನು ಅವಳ ಬೆನ್ನು ತಟ್ಟುವ ನೆಪದಲ್ಲಿ ಆ ಕಡೆ ತಿರುಗಿ ನಕ್ಕೆ. ಕೊನೆಗೆ ಇವರಿಗೂ ತಡೆಯಲಿಲ್ಲ. ಜೇಬಿನಿಂದ ಫೋನು ತೆಗೆದರು, ಪ್ಲಾನು ತೆರೆದರು. ಗೋಪುರ ಹೋಯಿತು. ಎರಡನೆಯ ನೆತ್ತಿ ಹೋಯಿತು. ಮೊದಲನೆಯ ನೆತ್ತಿಯ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು. ನಿಧಿ, "ಡ್ಯಾಡ್, ನೀವು ಮತ್ತೆ ನಾನು," ಎಂದು ಅಪರೂಪಕ್ಕೆ ಕನ್ನಡದಲ್ಲೇ ಅಂದದ್ದರಿಂದ ಅದೊಂದು ಉಳಿಯಿತು. ಮಿಕ್ಕ ಜಾಗದಲ್ಲೆಲ್ಲ ‘ಹೊಳೆ ದಂಡೆ, ಅವ್ವ’ ಎಂದು ಸೇರಿಸಿದರು. ಆಮೇಲೆ ಬೆಂಚಿನ ತುದಿಗೆ ಕೂತು, ಅಲ್ಲೇ, ನಾಲ್ಕು ಟಿಕೆಟ್ ಕಾದಿರಿಸಿದರು. ಅತ್ತೆಯ ಹೆಸರಿನ ಕಾಗುಣಿತ ಪಾಸ್‌ಪೋರ್ಟಿನಲ್ಲಿ ಹೇಗಿದೆ ಎಂದು ನನ್ನನ್ನು ಕೇಳಲೂ ಇಲ್ಲ; ಬಾಯಿಪಾಠವಿತ್ತು. ಮೂರೇ ಟಿಕೆಟ್ ತೆಗೆಯಲು ಹೊರಟವರಿಗೆ ಅದು ಯಾವಾಗ ಬಾಯಿಪಾಠವಾಯಿತೋ.

ನಾವು ಇಳಿಯೋಣವೆಂದು ಎದ್ದರೆ ಇವರು ಟ್ರಾಲಿ ಹಿಡಿದು ಮೇಲ್ಮುಖವಾಗಿ ನಿಂತಿದ್ದರು.

"ಮತ್ತೆಲ್ಲಿಗೆ?" ಎಂದೆ.

"ಟೆಸ್ಟು ಅರ್ಧಕ್ಕೆ ಬಿಡೋಕಾಗಲ್ಲ. ನೀವಿಲ್ಲೇ ಇರಿ."

ಅಕ್ಕಿಯ ಸಮೇತ ಒಬ್ಬರೇ ಹೋದರು. ಗಡಗಡ ಸದ್ದು ತಿರುವಿನಲ್ಲಿ ಸಣ್ಣದಾಗಿ, ನಿಂತು, ಮತ್ತೆ ಕೇಳಿಸಿ, ಕೊನೆಗೆ ಕರಗಿತು. ನಾವು ಉಳಿದ ಚಪಾತಿ ಮುಗಿಸಿದೆವು. ಬಹಳ ಹೊತ್ತಾದ ಮೇಲೆ ಇವರು ಕೆಂಪು ಕೆಂಪಾಗಿ ಇಳಿದು ಬಂದರು. ಮೇಲೆ ಏನಿದೆ ಎಂದರೆ, "ಬೆಂಚು," ಎಂದರು.

ಕುರ್ಚಿಯ ಯೋಚನೆ ಬಂದದ್ದು ನನಗೇ. ಹೊಳೆ ದಂಡೆಯ ಬೆಂಚು ಸರಿಯಾಗಿ ಮನೆಗಳ ಎದುರಿಗೇ ಇರುತ್ತದೆಂದು ಯಾವ ಖಾತ್ರಿ? ಲವೀನಾಳಿಗೆ ಫೋನು ಮಾಡಿ ಕೇಳಿದರೆ, "ಬೆಂಚಿನ ಮೋರೆ ಯಾವ ಕಡೆಗೆ ಅಂತ ಯಾರಿಗೆ ನೆನಪುಂಟು ಮಾರಾಯ್ರೆ!" ಎಂದಳು. ಹಾಗಾಗಿ ಹ್ಯಾರೋದಿಂದ ಅದೇ ಟ್ಯೂಬ್ ಹಿಡಿದು ಅಕ್ಸ್‌ಬ್ರಿಡ್ಜ್‌ಗೆ ಹೋದೆವು. ಕ್ಯಾಂಪಿಂಗ್ ಸಾಮಾನಿನ ಅಂಗಡಿಯಲ್ಲಿ ಅತ್ತೆ ಪ್ರತಿಯೊಂದು ಕುರ್ಚಿಯಲ್ಲೂ ಕೂತು, ಎದ್ದು, ಸೆರಗು ಸರಿಮಾಡಿಕೊಂಡು, ಎದುರಿನ ಟೆಂಟುಗಳನ್ನು ಬೆಟ್ಟವೆಂದು ಭಾವಿಸಿ ನೋಡಿದರು. ಸೀರೆ ಕೊಳ್ಳಲು ಹೋದಾಗಲೂ ಅವರು ಇಷ್ಟು ಹೊತ್ತು ತೆಗೆದುಕೊಂಡವರಲ್ಲ. ಕೊನೆಗೆ ಆರಿಸಿದ್ದು ನೀಲಿ ಬಣ್ಣದ್ದು. "ಕೈ ಇಡಾಕೂ ಐತಿ, ಲೋಟ ಇಡಾಕ ತೂತೂ ಐತಿ. ನಿಮ್ಮಪ್ಪಗ ಈ ಅನುಕೂಲ ಇರಲಿಲ್ಲ ನೋಡು," ಎಂದು ಮಗನಿಗೆ ಹೇಳಿದರು.

ಮನೆಗೆ ಬಂದು ಬ್ಯಾಗಿನಲ್ಲಿ ಹಾಕಿ ನೋಡಿದರೆ ಕುರ್ಚಿ ಹಿಡಿದರೆ ರೈಸ್ ಕುಕ್ಕರ್ ಹಿಡಿಯುವುದಿಲ್ಲ, ಕುಕ್ಕರ್ ಇಟ್ಟರೆ ಕುರ್ಚಿಯ ಕಾಲು ಹೊರಗೆ. ನಾನು ಎರಡನ್ನೂ ತಿರುಗಿಸಿ, ಮಗುಚಿ, ಒಂದರೊಳಗೆ ಇನ್ನೊಂದನ್ನು ತೂರಿಸಿ ನೋಡಿದೆ. ಮದುವೆಯಾದಾಗಿನಿಂದ ಕುಕ್ಕರ್ ಇಲ್ಲದೆ ನಾನು ಊರು ಬಿಟ್ಟವಳಲ್ಲ. ಆದರೂ ಏನು ಮಾಡುವುದು? ಕುಕ್ಕರ್ ಕಪಾಟಿಗೆ ಹೋಯಿತು. ಇನ್ಸ್‌ಬ್ರುಕ್‌ನ ಬಟಾಟೆಗೆ ನಾನೀಗ ಮನಸ್ಸಿನಲ್ಲೇ ಒಗ್ಗರಣೆ ಹಾಕುತ್ತಿದ್ದೇನೆ.

ಸಂಜೆ ಇವರು ಕೊನೆಯದೊಂದು ಡ್ರೈ ರನ್ ಬಾಕಿಯಿದೆ ಎಂದರು. ನಿಧಿ ಫೋನಿನಿಂದ ಟಿವಿಯ ಮೇಲೆ ಇನ್ಸ್‌ಬ್ರುಕ್ ಹಾಕಿದಳು. ಗುಲಾಬಿ, ಹಳದಿ, ತಿಳಿಹಸಿರು ಮನೆಗಳು, ಹೊಳೆ, ಹಿಮದ ಬೆಟ್ಟ. ಅದರ ಮುಂದೆ ನೀಲಿ ಕುರ್ಚಿ ಬಿಡಿಸಿದೆವು. ಅತ್ತೆ ಕೂತರು. ಎರಡು ಕೈಯನ್ನೂ ಕುರ್ಚಿಯ ಕೈಗಳ ಮೇಲಿಟ್ಟು, ಗಲ್ಲ ಸ್ವಲ್ಪ ಮೇಲೆತ್ತಿ, ಕೂತೇ ಹುಟ್ಟಿದವರ ಹಾಗೆ. ಇವರು ಪಕ್ಕದಲ್ಲಿ ನಿಂತು ಕುರ್ಚಿಯ ಬೆನ್ನಿನ ಮೇಲೆ ಒಂದು ಕೈಯಿಟ್ಟರು. ಯಾರೂ ಹೇಳಿಕೊಟ್ಟಿರಲಿಲ್ಲ.

"ಕಾಲು ನೋಯಾಕತ್ತಾವವಾ," ಎಂದರು ಇವರು.

"ನಿಂದರು ನಿಂದರು. ಫೋಟೊ ತಗಿಯೂತನಾ ಅಲುಗಾಡಬಾರದು," ಎಂದರು ಅತ್ತೆ. ಆಮೇಲೆ ಎಡಗಡೆ ನೋಡಿ, "ತೆಂಗಿನ ಗಿಡ?" ಎಂದರು. ನಾನು ಕಿಟಕಿಯ ಹತ್ತಿರದ ಪ್ಲಾಸ್ಟಿಕ್ ಗಿಡದ ಕುಂಡವನ್ನು ಎಳೆದು ತಂದು ಟಿವಿಯ ಪಕ್ಕ ಇಟ್ಟೆ. ಆಗ ನಿಧಿ ಕ್ಲಿಕ್ ಮಾಡಿದಳು. ಫೋಟೊದಲ್ಲಿ ನಾನೂ ಒಂದಿಷ್ಟು ಬಂದಿದ್ದೇನೆ, ಗಿಡದ ಹಿಂದೆ, ಕಣ್ಣು ಮುಚ್ಚಿಕೊಂಡು.

ರಾತ್ರಿಯ ಊಟಕ್ಕೆ ಗುಡ್ಡ ಹತ್ತಿ ಬಂದ ಅಕ್ಕಿಯ ಅನ್ನ, ಬದನೆಕಾಯಿ ಎಣ್ಣೆಗಾಯಿ, ಆಮೇಲೆ ಮೆಣಸಿನ ತೊಟ್ಟಿನ ಮೊಸರು. ಅತ್ತೆ ಎರಡು ಸಲ ಹಾಕಿಸಿಕೊಂಡರು. ಬಟ್ಟಲನ್ನು ಕುರ್ಚಿಯ ತೂತಿನಲ್ಲಿ ಇಟ್ಟುಕೊಂಡು, ಅಲ್ಲೇ ಕೂತು. ಹೊರಗೆ ಇನ್ನೂ ಬೆಳಕಿತ್ತು. ನಾನು ಪಾತ್ರೆ ತೊಳೆದು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಇವರು ಕಾರ್ಪೆಟ್ಟಿನ ಮೇಲೆ, ಕುರ್ಚಿಯ ಕಾಲಿನ ಬುಡದಲ್ಲಿ, ಸಾಕ್ಸು ಕೂಡ ತೆಗೆಯದೆ ನಿದ್ದೆ ಹೋಗಿದ್ದರು. ಹಾಸಿಗೆಗೆ ಹೋಗಿ ಎನ್ನಲು ನಾನು ಭುಜ ಮುಟ್ಟಿದೆ.

"ಎಬ್ಬಸಬ್ಯಾಡ ಸುಮಾ," ಎಂದರು ಅತ್ತೆ, ದನಿ ತಗ್ಗಿಸಿ. "ಪಾಪ, ಗುಡ್ಡ ಹತ್ತಿ ಬಂದಾನ."